ಅದು ನಮ್ಮ ಭಾಗದಲ್ಲಿ ಇಲ್ಲ

ಗುರುವಾರ ಸಂಜೆ ಮಗಳ ಶಾಲೆಯಲ್ಲಿ ಕೇಳಿದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಬರೆದು ಮುಗಿಸದೆ ನೆಮ್ಮದಿಯಿಲ್ಲ. ಉದ್ದವಾಗುತ್ತದೆ, ಸಮಯ ಇದ್ದವರು ಓದಿ.

ಮಗಳದು ಇಲ್ಲಿ ಅಮೆರಿಕದಲ್ಲಿ ಹನ್ನೆರಡನೇ ತರಗತಿ. ಈ ವರ್ಷ ಅವಳಿಗೆ ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಇದ್ದಾನೆ, ಯಾತ್ರೆ ಹೊರಟವರು ದಾರಿಯಲ್ಲಿ ಕಥೆ ಹೇಳುವ ಅವನ ಕ್ಯಾಂಟರ್‌ಬರಿ ಕಥೆಗಳಿವೆ ಅಂತ ಗೊತ್ತಾದಾಗ ನನಗೆಷ್ಟು ಖುಷಿಯಾಯಿತು ಅನ್ನುವುದು ನನ್ನ ಹಳೇ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಆರು ವರ್ಷ ಅದನ್ನೇ ಪಾಠ ಮಾಡಿದವಳು ನಾನು. ಮೂರು ವಾರದ ಗ್ರೂಪ್ ಪ್ರಾಜೆಕ್ಟ್. ಕೊನೆಯ ದಿನ ತಂದೆತಾಯಿಯರನ್ನೂ ಕರೆದಿದ್ದರು. ಕೆಲಸ ಬೇಗ ಮುಗಿಸಿ ಓಡಿದೆ.

ತರಗತಿಯ ಸುತ್ತ ಮೇಜುಗಳು, ಒಂದೊಂದು ಮೇಜಿನ ಮೇಲೆ ಒಬ್ಬೊಬ್ಬ ಯಾತ್ರಿಕ. ಕೆಂಪು ಬಟ್ಟೆಯ ತುಂಡು ಅಂಟಿಸಿ, ಬಾತ್ ಎಂಬ ಊರಿನ ಹೆಂಗಸು ವೈಫ್ ಆಫ್ ಬಾತ್‌ಗೆ ಕಾಲುಚೀಲ ಮಾಡಿದ್ದರು, ಗೋಂದು ಇನ್ನೂ ಆರಿರಲಿಲ್ಲ. ನನ್ನ ಮಗಳ ಗುಂಪಿಗೆ ರೀವ್ ಸಿಕ್ಕಿದ್ದ, ಅಂದರೆ ಜಮೀನ್ದಾರನ ಲೆಕ್ಕಪತ್ರ, ದನಕರು, ಕಣಜ ಎಲ್ಲ ನೋಡಿಕೊಳ್ಳುವ ಪಾರುಪತ್ಯಗಾರ. ಕಡ್ಡಿಯಂಥ ಕಾಲು, ಸೊಂಟದಲ್ಲಿ ತುಕ್ಕು ಹಿಡಿದ ಕತ್ತಿ. ಅವನ ಬೂದು ಕುದುರೆಯನ್ನು ಮಗಳು ರಾತ್ರಿ ಒಂದು ಗಂಟೆಯವರೆಗೆ ಕೂತು ಬಿಡಿಸಿದ್ದಳು. ಕೆಳಗೆ ಅದರ ಹೆಸರು, ಸ್ಕಾಟ್. ಚೆಂದ ಬಂದಿತ್ತು. ಪಕ್ಕದಲ್ಲಿ ಗುಣಗಳ ಪಟ್ಟಿ: ಜಾಣ, ಮುಂಗೋಪಿ, ಶ್ರಮಜೀವಿ, ಎಲ್ಲರಿಗೂ ಭಯ ಹುಟ್ಟಿಸುವವನು. ಅದರ ಮುಂದೆ ಸಾಕ್ಷಿಗೆ ಎರಡೆರಡು ಸಾಲು.

ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಮಿಲ್ಲರ್, ಹಿಟ್ಟಿನ ಗಿರಣಿಯವನು. ಮೂಗಿನ ಮೇಲೆ ನರುಲಿ, ಅದರಿಂದೆದ್ದ ಕೆಂಪು ಕೂದಲು. ತಲೆಯಿಂದ ಗುದ್ದಿ ಬಾಗಿಲು ಮುರಿಯುವ ಆಸಾಮಿ. ಆ ಗುಂಪಿನಲ್ಲಿ ನಮ್ಮ ಪಕ್ಕದ ಮನೆಯ ತೆಲುಗು ಹುಡುಗನಿದ್ದ. ಚೆನ್ನಾಗಿ ಮಾತಾಡಿದ. ಮುಗಿದ ಮೇಲೆ ಪ್ರಶ್ನೆ ಕೇಳಬಹುದು ಅಂದರು. ನಾನು ಕೈ ಎತ್ತಿ ಕೇಳಿದೆ: "ಇವನ ಮೇಲೆ ಯಾತ್ರೆಯಲ್ಲಿ ಒಬ್ಬನಿಗೆ ಕೆಟ್ಟ ಸಿಟ್ಟು ಬರುತ್ತದಲ್ಲ, ಯಾರಿಗೆ?"

ಹುಡುಗ ತನ್ನ ಚಾರ್ಟ್ ನೋಡಿದ, ಗೆಳೆಯರ ಮುಖ ನೋಡಿದ. "ಅದು ನಮ್ಮ ಭಾಗದಲ್ಲಿ ಇಲ್ಲ, ಆಂಟಿ" ಅಂದ.

ಉತ್ತರ ಹತ್ತು ಹೆಜ್ಜೆ ದೂರದ ಮೇಜಿನ ಮೇಲಿತ್ತು. ಮಗಳಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅದು ಅವಳ ಭಾಗದಲ್ಲೂ ಇರಲಿಲ್ಲ.

ಹುಡುಗನದು ತಪ್ಪಲ್ಲ. ಅವನಿಗೆ ಕೊಟ್ಟ ಕೆಲಸವನ್ನು ಅವನು ಮುತುವರ್ಜಿಯಿಂದ ಮಾಡಿದ್ದ. ನನ್ನ ಸಿಟ್ಟು ಹಂಚಿದ ರೀತಿಯ ಮೇಲೆ. ಚಾಸರ್ ಏನು ಮಾಡಿದ ಅಂತ ಒಮ್ಮೆ ನೆನೆಯಿರಿ. ಲಂಡನ್ನಿನ ಹೊಳೆಯಾಚೆ, ಸದರ್ಕ್‌ನಲ್ಲಿ, ಟ್ಯಾಬರ್ಡ್ ಎಂಬ ಛತ್ರ. ಕ್ಯಾಂಟರ್‌ಬರಿಯ ಸಂತ ಥಾಮಸ್ ಬೆಕೆಟ್‌ನ ಸಮಾಧಿಗೆ ಹೊರಟ ಇಪ್ಪತ್ತೊಂಬತ್ತು ಜನ ಒಂದು ರಾತ್ರಿ ಅಲ್ಲಿ ಸೇರುತ್ತಾರೆ. ಬೇರೆ ದಿನವಾಗಿದ್ದರೆ ಒಂದೇ ಮೇಜಿನಲ್ಲಿ ಕೂರದವರು. ಯುದ್ಧ ಮಾಡಿ ಬಂದ ನೈಟ್, ಅವನ ಅಂಗಿಯಲ್ಲಿ ಇನ್ನೂ ಕವಚದ ಕಲೆ. ಗೊಬ್ಬರದ ಗಾಡಿ ಹೊಡೆಯುವ ರೈತ. ಮೊಣಕಾಲಿನ ಕೆಳಗೆ ಹುಣ್ಣಿರುವ ಅಡುಗೆಯವನು. ಐದು ಗಂಡಂದಿರನ್ನು ಕಂಡ ವೈಫ್ ಆಫ್ ಬಾತ್. ಛತ್ರದ ಯಜಮಾನ ಹ್ಯಾರಿ ಬೇಯ್ಲಿ ಪಂದ್ಯ ಕಟ್ಟುತ್ತಾನೆ: ಹೋಗುವಾಗ ಎರಡು, ಬರುವಾಗ ಎರಡು ಕಥೆ ಹೇಳಿ, ಗೆದ್ದವರಿಗೆ ಉಳಿದವರೆಲ್ಲರ ಖರ್ಚಿನಲ್ಲಿ ಊಟ. ಇದನ್ನು ಬರೆಯುವ ಕಾಲಕ್ಕೆ, ಅಂದರೆ 1387ರ ಸುಮಾರಿಗೆ, ಇಂಗ್ಲೆಂಡು ಪ್ಲೇಗು ಕಂಡಿತ್ತು, 1381ರ ರೈತರ ದಂಗೆ ಕಂಡಿತ್ತು. ಆ ದಂಗೆಯ ಹೊತ್ತಿಗೆ ಚಾಸರ್‌ನ ಮನೆ ಇದ್ದದ್ದು ಲಂಡನ್ನಿನ ಆಲ್ಡ್‌ಗೇಟ್ ಹೆಬ್ಬಾಗಿಲಿನ ಮೇಲೆ, ದಂಗೆಕೋರರ ಒಂದು ಪಡೆ ಊರೊಳಗೆ ನುಗ್ಗಿದ್ದೂ ಅದೇ ಬಾಗಿಲಿನಿಂದ. ಯಾರು ಯಾರ ಪಕ್ಕ ನಿಲ್ಲಬೇಕು, ಯಾರು ಮೊದಲು ಬಾಯಿ ತೆರೆಯಬೇಕು ಎಂಬುದು ಅಂಥ ಕಾಲದಲ್ಲಿ ಸಣ್ಣ ಪ್ರಶ್ನೆಯಲ್ಲ.

ಅಂಥವನು ಇಷ್ಟು ಕಷ್ಟಪಟ್ಟು ಒಂದು ದಾರಿಯಲ್ಲಿ ಕೂಡಿಸಿದ ಜನರನ್ನು ನಾವು ಮತ್ತೆ ಬಿಡಿಬಿಡಿಯಾಗಿ ಕತ್ತರಿಸಿ ರಟ್ಟಿಗೆ ಅಂಟಿಸುತ್ತೇವೆ.

ವೈಫ್ ಆಫ್ ಬಾತ್‌ಳನ್ನೇ ನೋಡಿ. ಎಲ್ಲರನ್ನೂ ಪರಿಚಯಿಸುವ ಮೊದಲ ಮುನ್ನುಡಿ ಒಟ್ಟು 858 ಸಾಲು. ಅದರಲ್ಲಿ ಅವಳ ಪಾಲಿಗೆ ಬಂದದ್ದು ಮೂವತ್ತೆರಡು. ತನ್ನ ಸರದಿ ಬಂದಾಗ ಕಥೆಗೆ ಮೊದಲು ಬರುವ ಅವಳೊಬ್ಬಳ ಮುನ್ನುಡಿಯೇ 856 ಸಾಲು! ಎಲ್ಲರ ಪರಿಚಯಕ್ಕೂ ಅವಳೊಬ್ಬಳ ಮುನ್ನುಡಿಗೂ ಎರಡೇ ಸಾಲಿನ ಅಂತರ. ಆಕೆಗೆ ಒಂದು ಕಿವಿ ಕೇಳುವುದಿಲ್ಲ ಅಂತ ಮಕ್ಕಳ ಚಾರ್ಟಿನಲ್ಲಿತ್ತು. ಯಾಕೆ ಕೇಳುವುದಿಲ್ಲ ಅನ್ನುವುದು ಇರಲಿಲ್ಲ. ಐದನೇ ಗಂಡ ದಿನಾ ರಾತ್ರಿ ಒಂದು ಪುಸ್ತಕ ಹಿಡಿದು ಕೆಟ್ಟ ಹೆಂಗಸರ ಕಥೆಗಳನ್ನು ಅವಳಿಗೆ ಓದಿ ಹೇಳುತ್ತಿದ್ದ. ಒಂದು ದಿನ ಅವಳು ಪುಸ್ತಕದ ಹಾಳೆಗಳನ್ನೇ ಹರಿದಳು, ಅವನು ತಲೆಗೆ ಹೊಡೆದ, ಕಿವಿ ಹೋಯಿತು. ಸಿಂಹದ ಚಿತ್ರ ಬರೆದವರು ಯಾರು, ಹೇಳಿ ನೋಡೋಣ ಅಂತ ಆಕೆ ಕೇಳುವುದು ಅಲ್ಲೇ. ಸಿಂಹ ಬರೆದಿದ್ದರೆ ಚಿತ್ರ ಬೇರೆಯಾಗುತ್ತಿತ್ತು, ಹೆಂಗಸರು ಕಥೆ ಬರೆದಿದ್ದರೆ ಆ ಪುಸ್ತಕವೂ ಬೇರೆಯಾಗುತ್ತಿತ್ತು ಅಂತ. ಆರುನೂರು ವರ್ಷದ ಹಿಂದಿನ ಮಾತು, ಓದಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಇಷ್ಟು ಹೇಳುವಷ್ಟರಲ್ಲಿ ಪಾಪಕ್ಷಮೆಯ ಪತ್ರ ಮಾರುವ ಪಾರ್ಡನರ್ ನಡುವೆ ಬಾಯಿ ಹಾಕುತ್ತಾನೆ, ಊರೂರು ತಿರುಗುವ ಸನ್ಯಾಸಿ ಫ್ರಯರ್ ನಗುತ್ತಾನೆ, ಅವನು ನಕ್ಕದ್ದಕ್ಕೆ ಚರ್ಚಿನ ಕೋರ್ಟಿನ ಅಮೀನ ಅವನ ಮೇಲೆ ಹರಿಹಾಯುತ್ತಾನೆ. ಅವಳ ಮಾತಿನ ಬಿಸಿ ಗೊತ್ತಾಗುವುದು ಇವರಿಗೆಲ್ಲ ತಗುಲಿದಾಗ. ಚಾರ್ಟಿನಲ್ಲಿ ಇದ್ದದ್ದು ನಾಲ್ಕು ಪದ. ಧೈರ್ಯವಂತೆ, ಶ್ರೀಮಂತೆ, ಮಾತುಗಾತಿ, ಸ್ವತಂತ್ರೆ.

ಪ್ರಯೊರೆಸ್ ಮೇಜಿನ ಹತ್ತಿರವಂತೂ ನನಗೆ ನಿಲ್ಲಲಾಗಲಿಲ್ಲ. ಆಕೆ ಸನ್ಯಾಸಿನಿಯರ ಮಠದ ಮುಖ್ಯಸ್ಥೆ. ತುಟಿ ಒರೆಸಿ ಲೋಟ ಮುಟ್ಟುವವಳು, ನಾಯಿಮರಿಗಳಿಗೆ ಹುರಿದ ಮಾಂಸ, ಹಾಲು, ಬಿಳಿ ರೊಟ್ಟಿ ಹಾಕುವವಳು, ಇಲಿ ಬೋನಿಗೆ ಬಿದ್ದರೂ ಅಳುವವಳು. ಮಕ್ಕಳು "ದಯಾಳು, ಪ್ರಾಣಿಪ್ರಿಯೆ" ಅಂತ ಬರೆದು ಪಕ್ಕದಲ್ಲಿ ಒಂದು ಮುದ್ದು ನಾಯಿಯ ಚಿತ್ರ ಅಂಟಿಸಿದ್ದರು. ಅದೇ ದಯಾಳು ಮುಂದೆ ಹೇಳುವ ಕಥೆಯಲ್ಲಿ ಯಹೂದಿಗಳು ಹಾಡುತ್ತಾ ಹೋಗುವ ಪುಟ್ಟ ಹುಡುಗನ ಕತ್ತು ಕೊಯ್ಯುತ್ತಾರೆ. ಇಂಗ್ಲೆಂಡಿನಿಂದ ಯಹೂದಿಗಳನ್ನು ಹೊರಗಟ್ಟಿದ್ದು 1290ರಲ್ಲಿ. ಸುಮಾರು ನೂರು ವರ್ಷ ಅವರನ್ನು ಕಾಣದ ಊರಿನಲ್ಲಿ ಕೂತು, ಅವರ ಮೇಲೆ ಅಷ್ಟು ದ್ವೇಷ ಇಟ್ಟುಕೊಂಡು, ಅಷ್ಟು ಇಂಪಾಗಿ ಆಕೆ ಕಥೆ ಹೇಳುತ್ತಾಳೆ. ಇಲಿಗೆ ಅಳುವ ಕಣ್ಣು ಮತ್ತು ಆ ಕಥೆ, ಎರಡನ್ನೂ ಒಟ್ಟಿಗೆ ಹಿಡಿದು ನೋಡಿದರೆ ಮಾತ್ರ ಆಕೆ ಯಾರು ಅಂತ ತಿಳಿಯುತ್ತದೆ. ಮೊದಲನೆಯದನ್ನಷ್ಟೇ ಕೊಟ್ಟು ಎರಡನೆಯದನ್ನು ಮುಚ್ಚಿಟ್ಟರೆ ನಾವು ಮಕ್ಕಳಿಗೆ ಸುಳ್ಳು ಕಲಿಸಿದ ಹಾಗೆ. ಹದಿನೇಳು ವರ್ಷದ ಮಕ್ಕಳು ಇದನ್ನು ತಾಳಿಕೊಳ್ಳಬಲ್ಲರು. ಸಭ್ಯತೆಯ ಒಳಗೆ ದ್ವೇಷ ಹೇಗೆ ಕೂತಿರುತ್ತದೆ ಅಂತ ಅವರಿಗೆ ಈ ವಯಸ್ಸಿನಲ್ಲೇ ಗೊತ್ತಾಗಬೇಕು.

ಗ್ರೂಪ್ ಪ್ರಾಜೆಕ್ಟೇ ಬೇಡ ಅನ್ನುವವಳಲ್ಲ ನಾನು. ಒಬ್ಬಳೇ ದುಡಿದು ಉಳಿದವರು ಹೆಸರು ಹಾಕಿಸಿಕೊಳ್ಳುವ ಸಂಕಟ ಎಲ್ಲ ತಾಯಂದಿರಿಗೂ ಗೊತ್ತು, ಅದನ್ನು ಬಿಡೋಣ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ 'ಜಿಗ್‌ಸಾ' ಎನ್ನುವ ಕ್ರಮ ತಂದರು. ಬಿಳಿಯ, ಕಪ್ಪು, ಮೆಕ್ಸಿಕನ್ ಮಕ್ಕಳು ಆಗಷ್ಟೇ ಒಂದೇ ತರಗತಿಯಲ್ಲಿ ಕೂತಿದ್ದ, ಜಗಳ ಹೊಗೆಯಾಡುತ್ತಿದ್ದ ಕಾಲ. ಪಾಠವನ್ನು ತುಂಡು ಮಾಡಿ ಮಕ್ಕಳಿಗೆ ಒಂದೊಂದು ತುಂಡು ಕೊಟ್ಟರು. ಆಮೇಲೆ ಪ್ರತಿ ಮಗುವೂ ತನ್ನ ಗುಂಪಿಗೆ ಮರಳಿ, ತನ್ನ ತುಂಡನ್ನು ಉಳಿದವರಿಗೆ ಕಲಿಸಬೇಕು. ಇನ್ನೊಬ್ಬನ ಮಾತು ಕೇಳದಿದ್ದರೆ ನಿನ್ನ ಪಾಠ ಪೂರ್ತಿಯಾಗುವುದಿಲ್ಲ. ಅದರ ಜೀವ ಇರುವುದು ಈ ಮರಳಿ ಕೂಡುವುದರಲ್ಲಿ. ನಾನು ಗುರುವಾರ ನೋಡಿದ್ದರಲ್ಲಿ ಹಂಚುವುದಷ್ಟೇ ಉಳಿದಿತ್ತು.

ಮೇಷ್ಟ್ರ ಕಷ್ಟ ನಿನಗೇನು ಗೊತ್ತು ಅಂತ ಇಲ್ಲಿ ಪಾಠ ಮಾಡುವ ಗೆಳತಿ ಒಬ್ಬಳು ನನ್ನನ್ನು ಕೇಳಿದಳು. ತರಗತಿ ತುಂಬ ಮಕ್ಕಳು, ಮೂರೇ ವಾರ, ಅರ್ಧ ಮಕ್ಕಳು ಪುಸ್ತಕ ತೆರೆಯುವುದಿಲ್ಲ. ಬಾಯಿ ಬಿಡದ ಮಗು ರಟ್ಟು ಹಿಡಿದು ನಾಲ್ಕು ಮಾತಾಡಿದರೆ ಅದೇ ದೊಡ್ಡದು ಅಂದಳು. ಬಾಯಿ ಬಿಡದ ಮಗು ಮಾತಾಡುವುದು ದೊಡ್ಡದೇ, ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ. ಇದೇ ದಿನಗಳಲ್ಲಿ, ಇದೇ ಮಕ್ಕಳಿಗೆ, ಒಬ್ಬೊಬ್ಬ ಯಾತ್ರಿಕನ ಬದಲು ಒಂದೊಂದು ಜಗಳ ಕೊಡಬಹುದಿತ್ತಲ್ಲ? ನೀವು ಮಿಲ್ಲರ್, ಅವರು ರೀವ್, ಎದುರುಬದುರು ಕೂತು ಓದಿ ಅನ್ನಬಹುದಿತ್ತು. ಪಾರ್ಡನರ್ ತನ್ನ ಕಥೆ ಮುಗಿಸಿ, ಯಾವುದೋ ಮೂಳೆಯನ್ನು ಸಂತರ ಅಸ್ಥಿ ಅಂತ ತೋರಿಸುವ ತನ್ನ ಮೋಸವನ್ನು ತಾನೇ ಬಾಯಿಬಿಟ್ಟು ಹೇಳಿದ ಮೇಲೂ, ಬನ್ನಿ ದುಡ್ಡು ಕೊಟ್ಟು ಮುತ್ತಿಡಿ ಅಂತ ಹ್ಯಾರಿ ಬೇಯ್ಲಿಯನ್ನು ಕರೆಯುತ್ತಾನೆ. ಬೇಯ್ಲಿ ಕೊಳಕು ಬೈಗುಳ ಬೈಯುತ್ತಾನೆ. ಅಷ್ಟು ಮಾತಿನ ಮಲ್ಲ ಪಾರ್ಡನರ್ ಸಿಟ್ಟಿಗೆ ಮಾತೇ ಹೊರಡದೆ ನಿಂತುಬಿಡುತ್ತಾನೆ. ಆಗ ನೈಟ್ ನಡುವೆ ಬಂದು ಇಬ್ಬರೂ ಮುತ್ತಿಟ್ಟು ರಾಜಿಯಾಗಿ ಅನ್ನುತ್ತಾನೆ. ನೈಟ್‌ನ ಚಾರ್ಟಿನಲ್ಲಿ ಅವನು ಕಾದಾಡಿದ ಊರುಗಳೆಲ್ಲ ಇದ್ದವು. ಅವನು ಬಿಡಿಸಿದ ಈ ಒಂದು ಜಗಳ ಇರಲಿಲ್ಲ.

ಇಷ್ಟು ಹೇಳುವ ನಾನು ಒಂದು ವಿಷಯ ಮುಚ್ಚಿಡಬಾರದು. ಊರಿನಲ್ಲಿ ಡಿಗ್ರಿ ಕಾಲೇಜಿನಲ್ಲಿ ಆಪ್ಷನಲ್ ಇಂಗ್ಲಿಷ್ ಪಾಠ ಮಾಡುವಾಗ ನಾನೂ ಇದನ್ನೇ ಮಾಡಿದ್ದೇನೆ. ಇಂಟರ್ನಲ್ ಮಾರ್ಕ್ಸಿಗೆ ಸೆಮಿನಾರು. ರೋಲ್ ನಂಬರ್ ಒಂದರಿಂದ ಐದು ನೈಟ್, ಆರರಿಂದ ಹತ್ತು ಪ್ರಯೊರೆಸ್. ಒಂದು ದಿನ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಇವರೆಲ್ಲ ದಾರೀಲಿ ಏನು ಮಾತಾಡ್ತಾರೆ?" ಅಂತ ಕೇಳಿದಳು. "ಅದು ಸಿಲಬಸ್‌ನಲ್ಲಿ ಇಲ್ಲಮ್ಮ" ಅಂದೆ. ನಿಜ ಏನೆಂದರೆ ಮುನ್ನುಡಿ ಬಿಟ್ಟು ಮುಂದೆ ನಾನು ಓದಿರಲಿಲ್ಲ. ಎಂ.ಎ. ಪರೀಕ್ಷೆಯನ್ನೂ ಗೈಡ್ ಓದಿ ಬರೆದಿದ್ದೆ. ಆ ಹುಡುಗಿ ಕೇಳಿದ್ದು ಇಡೀ ಪುಸ್ತಕದ ಬಗ್ಗೆ ಕೇಳಬೇಕಾದ ಪ್ರಶ್ನೆ. ಅವಳನ್ನು ಬರಿಗೈಯಲ್ಲಿ ಕಳಿಸಿದೆ. ಗುರುವಾರ ಪಕ್ಕದ ಮನೆ ಹುಡುಗನ ಬಾಯಲ್ಲಿ ನನಗೆ ಕೇಳಿಸಿದ್ದು ನನ್ನ ದನಿಯೇ.

ನಾನು ಪೂರ್ತಿ ಓದಿದ್ದು ಇಲ್ಲಿಗೆ ಬಂದ ಮೇಲೆ, ಕ್ಯಾಲಿಫೋರ್ನಿಯಾದ ಸ್ಯಾನ್ ಮರೀನೋದ ಹಂಟಿಂಗ್ಟನ್ ಲೈಬ್ರರಿಯಲ್ಲಿ ಈ ಕಥೆಗಳ ಎಲ್ಸ್‌ಮಿಯರ್ ಹಸ್ತಪ್ರತಿ ನೋಡಿ ಬಂದ ನಂತರ. ಚಾಸರ್ ಸತ್ತದ್ದು 1400ರಲ್ಲಿ, ಇದು ಅದರ ಆಸುಪಾಸಿನದು. 1917ರಲ್ಲಿ ಹಂಟಿಂಗ್ಟನ್ ಅದನ್ನು ಕೊಂಡರು. ಅಂಚಿನಲ್ಲಿ ಕುದುರೆಯೇರಿದ ಯಾತ್ರಿಕರ ಪುಟ್ಟ ಚಿತ್ರಗಳಿವೆ, ಇಪ್ಪತ್ಮೂರು. ಎಲ್ಲರೂ ಒಬ್ಬೊಬ್ಬರೇ ಇದ್ದಾರೆ, ನಮ್ಮ ಮಕ್ಕಳ ರಟ್ಟಿನ ಹಾಗೆ. ಆದರೆ ಆ ಚಿತ್ರಗಳನ್ನು ಪರಿಚಯದ ಪುಟಗಳಲ್ಲಿ ಹಾಕಿಲ್ಲ. ಅವರವರ ಕಥೆ ಶುರುವಾಗುವ ಕಡೆ ಹಾಕಿದ್ದಾರೆ. ಮನುಷ್ಯ ಬಾಯಿ ತೆರೆಯುವ ಜಾಗದಲ್ಲಿ ಅವನ ಮುಖ ಕಾಣಬೇಕು ಅಂತ ಆ ಪ್ರತಿ ಮಾಡಿದವರಿಗೆ ಗೊತ್ತಿತ್ತು.

ಗುರುವಾರ ರಾತ್ರಿ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಇದ್ದರು, ಮಿಲ್ಲರ್ ಹುಡುಗ, ರೀವ್ ಹುಡುಗಿ. ತಡೆಯಲಾರದೆ ಹೇಳಿದೆ. ನೈಟ್ ತನ್ನ ಕಥೆ ಮುಗಿಸುತ್ತಾನೆ, ಮುಂದಿನದು ಮಠದ ಸನ್ಯಾಸಿ ಮಂಕ್ ಹೇಳಲಿ ಅನ್ನುತ್ತಾನೆ ಬೇಯ್ಲಿ. ದೊಡ್ಡವರಾದ ಮೇಲೆ ದೊಡ್ಡವರು. ಅಷ್ಟರಲ್ಲಿ ಕುಡಿದು ಕುದುರೆ ಮೇಲೆ ಸರಿಯಾಗಿ ಕೂರಲಾರದ ಮಿಲ್ಲರ್, ನಾನೀಗಲೇ ಹೇಳಬೇಕು, ಇಲ್ಲದಿದ್ದರೆ ನನ್ನ ದಾರಿ ನನಗೆ ಅಂತ ಹಟ ಹಿಡಿಯುತ್ತಾನೆ. ಒಬ್ಬ ಬಡಗಿ, ಅವನ ಹೆಂಡತಿ, ಆ ಬಡಗಿ ಮೋಸ ಹೋದ ಕಥೆ ಅಂದ ಕೂಡಲೇ, ಮುಚ್ಚು ಬಾಯಿ ಅಂತ ರೀವ್ ಕೂಗುತ್ತಾನೆ.

"ಅವನಿಗ್ಯಾಕೆ ಸಿಟ್ಟು?" ಅಂದ ಹುಡುಗ.

ಮಗಳು ಒಂದು ಕ್ಷಣ ಸುಮ್ಮನಿದ್ದು ಒಮ್ಮೆಲೇ ಕೂಗಿದಳು. "ಅಮ್ಮ! ಅವನು ಚಿಕ್ಕವನಿದ್ದಾಗ ಬಡಗಿ ಕೆಲಸ ಕಲಿತಿದ್ದ! ನನ್ನ ಚಾರ್ಟಲ್ಲೇ ಇದೆ!"

ಇತ್ತು. 'ಶ್ರಮಜೀವಿ' ಅಂತ ಬರೆದು ಅದರ ಮುಂದೆ ಸಾಕ್ಷಿಯಾಗಿ ಆ ಎರಡು ಸಾಲು ಹಾಕಿದ್ದಳು. ಮೂರು ವಾರ ಕಣ್ಣೆದುರೇ ಇದ್ದ ಸಾಲು.

ಮನೆ ಬಂದರೂ ಇಬ್ಬರೂ ಇಳಿಯಲಿಲ್ಲ. ಫೋನಿನಲ್ಲಿ ಹುಡುಕಿ ಓದತೊಡಗಿದರು. ರೀವ್ ತೀರಿಸಿಕೊಳ್ಳುವ ಸೇಡಿನ ಕಥೆಯಲ್ಲಿ ಏಟು ತಿನ್ನುವವನು ಒಬ್ಬ ಗಿರಣಿಯವನು ಅಂತ ಗೊತ್ತಾದಾಗ ಹುಡುಗನಿಗೆ ನಿಜವಾಗಿಯೂ ಅವಮಾನವಾಯಿತು. ನನ್ನ ಕಣ್ಣಿನ ಕಡ್ಡಿ ಕಾಣುತ್ತದೆ, ಅವನ ಕಣ್ಣಿನ ತೊಲೆ ಅವನಿಗೆ ಕಾಣದು ಅನ್ನುವ ರೀವ್‌ನ ಮಾತನ್ನು ಮಗಳು ಅವನ ಮುಖಕ್ಕೆ ಓದಿದಳು. ನಿನ್ನವನು ಮುದಿ ಕಳ್ಳ, ಧಣಿಯ ಮಾಲನ್ನು ಧಣಿಗೇ ಸಾಲ ಕೊಡುವವನು ಅಂತ ಅವನಂದ. ನಿನ್ನವನು ಜನರ ಕಾಳು ಕದಿಯುವುದಿಲ್ಲವಾ ಅಂತ ಇವಳು. ಗ್ಯಾರೇಜಿನ ದೀಪ ಆರಿಸದೆ ಅಲ್ಲೇ ನಿಂತು ಕೇಳಿದೆ.

ಶುಕ್ರವಾರ ಚಾರ್ಟುಗಳನ್ನು ಗೋಡೆಗೆ ಹಾಕುವುದಿತ್ತಂತೆ. ಟೀಚರ್ ಒಪ್ಪಿಗೆ ಕೇಳಿ ಇವರಿಬ್ಬರೂ ಪಿನ್ನುಗಳನ್ನು ಕಿತ್ತು ಜಾಗ ಬದಲಾಯಿಸಿದರಂತೆ. ಬ್ಯಾಗ್‌ಪೈಪ್ ಊದುತ್ತಾ ಎಲ್ಲರನ್ನೂ ಊರ ಹೊರಗೆ ಕರೆದೊಯ್ಯುವ ಮಿಲ್ಲರ್ ಈಗ ಬಾಗಿಲ ಪಕ್ಕ ಇದ್ದಾನೆ. ರೀವ್ ಕೊನೆಯ ಕಿಟಕಿಯ ಹತ್ತಿರ. "ಅವನು ಯಾವಾಗಲೂ ಎಲ್ಲರಿಗಿಂತ ಹಿಂದೆ ಬರ್ತಾನೆ ಅಂತ ಬರೆದಿದೆ ಅಮ್ಮ" ಅಂದಳು, "ಮಿಲ್ಲರ್‌ನಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹಾಕಿದ್ದೀನಿ."