ಕಾಯಿಲೆಗೂ ಒಂದು ಟೈಮ್‌ಟೇಬಲ್

ಪಿಎಚ್‌ಡಿ ಮಾಡುವವರಿಗೊಂದು ಕಿವಿಮಾತು. ಬರಬೇಕಾದ ಕಾಯಿಲೆಗಳನ್ನೆಲ್ಲ 25 ತುಂಬುವ ಮುಂಚೆಯೇ ಬರಿಸಿಕೊಂಡುಬಿಡಿ. ಆಮೇಲೆ ಎಷ್ಟೋ ಫ್ಯಾಮಿಲಿ ಆರೋಗ್ಯ ವಿಮೆ ಪಾಲಿಸಿಗಳಲ್ಲಿ ನೀವು ಅಪ್ಪ ಅಮ್ಮನ ಮಕ್ಕಳೇ ಅಲ್ಲ. ಊಟ ಅವರ ಮನೆಯದ್ದೇ, ಬೈಕಿಗೆ ಪೆಟ್ರೋಲೂ ಅವರದ್ದೇ, ಆದರೂ ಕಂಪನಿಯ ಲೆಕ್ಕದಲ್ಲಿ ನೀವು ಸ್ವಂತ ಕಾಲಿನ ಮೇಲೆ ನಿಂತವರು. ನಮ್ಮ ಪೆರಿಯದಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಎಂಬ ದೊಡ್ಡ ಸಂಶೋಧನಾ ವೇತನ ಸಿಗದವರ ಆ ಕಾಲಿಗೆ ತಿಂಗಳಿಗೆ 8,000 ರೂಪಾಯಿ.

ಸರಿ, ಸ್ವಂತ ಪಾಲಿಸಿ ಮಾಡಿಸೋಣ ಅಂತ ಹೊರಟರೆ ಏಜೆಂಟರು ಖುಷಿಯಿಂದ ಹೇಳುತ್ತಾರೆ, 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಇಲ್ಲ, 18 ಪರ್ಸೆಂಟ್ ಉಳೀತಲ್ವಾ ಅಂತ. ಉಳಿದದ್ದನ್ನು ಜೋಪಾನವಾಗಿಡಿ, ಮೊದಲ 30 ದಿನಕ್ಕೆ ಬೇಕಾಗುತ್ತದೆ. ಆ ತಿಂಗಳು ಅಪಘಾತಕ್ಕೆ ಮಾತ್ರ ದುಡ್ಡು. ಅಂದರೆ ಜೂನ್‌ನಲ್ಲಿ ಪಾಲಿಸಿ ಮಾಡಿಸಿದವರು ಹೆದ್ದಾರಿ ಪಕ್ಕದ ಹೊಂಡಕ್ಕೆ ಬೈಕ್ ಸಮೇತ ಧಾರಾಳವಾಗಿ ಬೀಳಬಹುದು, ಆದರೆ ಅದೇ ಹೊಂಡದ ನೀರಿಗೆ ಕಾಲಿಟ್ಟು ಇಲಿಜ್ವರ ತಂದುಕೊಂಡರೆ ಅದು ನಿಮ್ಮ ಖರ್ಚು.

ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಿಸುತ್ತಾರೆ, ವೇಟಿಂಗ್ ಪೀರಿಯಡ್ ಅಂತ ಅದರ ಹೆಸರು. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ. 2024ರ ತನಕ ಅದು ನಾಲ್ಕಿತ್ತು, ದೊಡ್ಡ ಮನಸ್ಸು ಮಾಡಿ ಇಳಿಸಿದ್ದಾರೆ.

ರೂಮಿನದ್ದು ಇನ್ನೂ ಚಂದ. ಕೆಲವು ಪಾಲಿಸಿಗಳಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ 1 ಪರ್ಸೆಂಟ್ ದಾಟುವಂತಿಲ್ಲ. ಮೂರು ಲಕ್ಷಕ್ಕೆ 3,000. ಅಂಥ ರೂಮು ಖಾಲಿಯಿಲ್ಲ ಅಂತ 6,000ದ್ದಕ್ಕೆ ಹೋದಿರೋ, ಬಾಡಿಗೆಗೆ ಮಾತ್ರ ಅಲ್ಲ, ಡಾಕ್ಟರ ಫೀಸಿಗೂ ಅರ್ಧ ಕತ್ತರಿ. ಡಾಕ್ಟರು ದುಬಾರಿ ರೂಮಿಗೆ ಬಂದು ನಾಡಿ ಹಿಡಿದರಲ್ಲ, ಅದಕ್ಕೆ.

ಇದೆಲ್ಲ ಊರಿಗೆಲ್ಲ ಇರುವ ಕಷ್ಟ. ಕಾಸರಗೋಡಿನವರಿಗೆ ಮಾತ್ರ ಒಂದು ಪೇಪರ್ ಜಾಸ್ತಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದರೂ ಕಾಯಿಲೆ ಸ್ವಲ್ಪ ಜೋರಾದರೆ ನಮ್ಮ ಆಂಬುಲೆನ್ಸ್ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡುವುದು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ ಕ್ಯಾಶ್‌ಲೆಸ್ ಕಾರ್ಡ್ ಇದ್ದವರೂ ಇಲ್ಲದವರೂ ಆ ರಾಶಿಯ ಮುಂದೆ ಒಂದೇ. ಮಣ್ಣಿಗೆ ವೇಟಿಂಗ್ ಪೀರಿಯಡ್ ಎಷ್ಟು ಅಂತ ಪಾಲಿಸಿ ಪುಸ್ತಕದಲ್ಲಿಲ್ಲ, ನಾನು ಹುಡುಕಿದ್ದೇನೆ.

ಹಾಗಾಗಿ ಸಹಿ ಹಾಕುವ ಮುಂಚೆ ಏಜೆಂಟರ ಹತ್ತಿರ ಇಷ್ಟು ಕೇಳಿ: ಮಂಗಳೂರಲ್ಲಿ ಯಾವ್ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್? "ಎಲ್ಲಾ ಕಡೆ ಉಂಟು" ಅಂದರೆ ಲಿಸ್ಟ್ ತೋರಿಸಿ ಅನ್ನಿ. ಅಷ್ಟರಲ್ಲಿ ಅವರಿಗೊಂದು ಅರ್ಜೆಂಟ್ ಫೋನ್ ಬರುತ್ತದೆ.