ಮದುವೆ ಮನೆಯಲ್ಲಿ ಕೊಟ್ಟ ಆ ಮಾತ್ರೆ

ಮೊನ್ನೆ ಕಾಸರಗೋಡಿನ ಬದಿಯಡ್ಕದಲ್ಲಿ ಒಂದು ಮದುವೆ. ಊಟದ ಹೊತ್ತಿಗೆ ಅಕ್ಕ ಮಗನಿಗೆ ಮಾತ್ರೆ ಕೊಟ್ಟಳು. "ಎಂತ ಮಾತ್ರೆ?" ಎಂದು ಪಕ್ಕದವರು ಕೇಳಿದರು. ಹೈಡ್ರೋಕಾರ್ಟಿಸೋನ್ ಎಂದಳು. "ಅಯ್ಯೋ, ಸ್ಟೀರಾಯ್ಡಾ! ಮೊದಲು ಅದನ್ನು ನಿಲ್ಲಿಸು ಮಾರಾಯ್ತಿ." ಅಕ್ಕ ಸುಮ್ಮನಿದ್ದಳು. ನನ್ನಿಂದ ಸುಮ್ಮನಿರಲು ಆಗುತ್ತಿಲ್ಲ.

ಸೋದರಳಿಯನಿಗೆ ಇರುವುದು ಸಿಎಎಚ್, ಹುಟ್ಟಿನಿಂದಲೇ ಬರುವ ಒಂದು ಹಾರ್ಮೋನಿನ ಕಾಯಿಲೆ. ನಮ್ಮ ಮೂತ್ರಪಿಂಡದ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಇದೆ. ಕಾರ್ಟಿಸೋಲ್ ತಯಾರಾಗುವುದು ಅಲ್ಲಿ. ಅದು ಕೂಡ ಸ್ಟೀರಾಯ್ಡೇ. ನಿಮ್ಮ ಮೈ, ನನ್ನ ಮೈ ದಿನಾ ಅದನ್ನು ಮಾಡಿಕೊಳ್ಳುತ್ತದೆ. ಅವನ ಮೈಗೆ ಅದನ್ನು ಮಾಡಿಕೊಳ್ಳಲು ಆಗುವುದಿಲ್ಲ, 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆ. ಮೈಯಲ್ಲಿ ಉಪ್ಪು ಉಳಿಸುವ ಆಲ್ಡೋಸ್ಟಿರೋನ್ ಕೂಡ ಇಲ್ಲ. ಇಲ್ಲದ್ದನ್ನು ನಾವು ಮಾತ್ರೆಯಲ್ಲಿ ತುಂಬುತ್ತೇವೆ, ಅಷ್ಟೇ.

ಹೆಣ್ಣುಮಗುವಾಗಿದ್ದರೆ ಹುಟ್ಟಿದಾಗಲೇ ಜನನಾಂಗದ ವ್ಯತ್ಯಾಸ ನೋಡಿ ಡಾಕ್ಟರಿಗೆ ಸಂಶಯ ಬರುತ್ತಿತ್ತೇನೋ. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ. ಎರಡನೇ ವಾರ ಕುಡಿದ ಹಾಲೆಲ್ಲ ಕಕ್ಕಿದ. ತೂಕ ಇಳಿಯಿತು. ಒಂದು ಕ್ಲಿನಿಕ್ಕಿನಲ್ಲಿ ಅಜೀರ್ಣ ಎಂದು ಡ್ರಾಪ್ಸ್ ಕೊಟ್ಟು ಕಳಿಸಿದರು. ಮಂಗಳೂರಿಗೆ ಒಯ್ಯುವಾಗ ಮಗು ಅಳುವುದನ್ನೂ ಬಿಟ್ಟಿತ್ತು. ರಕ್ತದಲ್ಲಿ ಸೋಡಿಯಂ ತೀರಾ ಇಳಿದು, ಪೊಟ್ಯಾಷಿಯಂ ಏರಿತ್ತು. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ. ಅವನು ಹುಟ್ಟಿದ್ದು ಖಾಸಗಿ ಆಸ್ಪತ್ರೆಯಲ್ಲಿ, ಅಲ್ಲಿ ಮಾಡಿರಲಿಲ್ಲ.

"ಎಂಡೋಸಲ್ಫಾನ್‌ನಿಂದ ಆದದ್ದಾ?" ಎಂದೂ ಕೇಳುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದ ಊರು ನಮ್ಮದು, ಕೇಳುವುದು ಸಹಜ. ಆದರೆ ಇದು ಹಾಗಲ್ಲ. ಅಕ್ಕ, ಭಾವ ಇಬ್ಬರಲ್ಲೂ ದೋಷದ ಜೀನ್ ಒಂದೊಂದು ಇತ್ತು. ಅವರಿಗೆ ಕಾಯಿಲೆ ಇಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಸುರಿಯಾಗಿದ್ದಾಗ ಅಕ್ಕ ಮಾಡಿದ ಪಥ್ಯವನ್ನು, ನಡೆದ ದಾರಿಯನ್ನು ದೂರಿದವರು ಇದನ್ನು ಓದಲಿ.

ಡೋಸ್ ಜಾಸ್ತಿಯಾದರೆ ಬೆಳವಣಿಗೆ ಕುಂದುತ್ತದೆ, ನಿಜ. ಕಮ್ಮಿಯಾದರೆ ಗಂಡು ಹಾರ್ಮೋನು ಏರಿ ಮೂಳೆ ಬೇಗ ಬಲಿತು, ಎತ್ತರ ಬೆಳೆಯುವುದು ಬೇಗ ನಿಂತುಬಿಡುತ್ತದೆ. ಅದಕ್ಕೇ ಡಾಕ್ಟರು ಪ್ರತಿ ಸಲ ಎತ್ತರ ಅಳೆಯುತ್ತಾರೆ. ಆದರೆ ಒಮ್ಮೆಲೇ ನಿಲ್ಲಿಸಿದರೆ ಮಗು ಸಾಯಬಹುದು. ಜ್ವರ ಬಂದಾಗಲಂತೂ ಡೋಸ್ ಎರಡು ಮೂರು ಪಟ್ಟು ಏರಿಸಬೇಕು.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಅವನಿಗೆ ಎಂಟು ತಿಂಗಳು. ಮಾತ್ರೆ ಬರುತ್ತಿದ್ದದ್ದು ಮಂಗಳೂರಿನಿಂದ. ಅಕ್ಕ ರಾತ್ರಿ ಎದ್ದು ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿದೆ ಎಂದು ಎಣಿಸುತ್ತಿದ್ದಳು. ಅಂಥವಳಿಗೆ ಮಾತ್ರೆ ನಿಲ್ಲಿಸು ಎನ್ನುತ್ತೀರಲ್ಲ!

ಈಗ ಶಾಲೆಗೆ ಹೋಗುತ್ತಾನೆ. ಚೀಲದಲ್ಲಿ ಒಂದು ಕಾಗದ ಇಟ್ಟಿದ್ದಾಳೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ: "ವಾಂತಿ ಆದರೆ ಕಾಯಬೇಡಿ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಿಸಿ, ಆಮೇಲೆ ನನಗೆ ಫೋನ್ ಮಾಡಿ."