ಮನೆಯೊಳಗಿನ ನಿಂಬೆಗೆ ಮಳೆ ಸುರಿಸುವವರು ಯಾರು?

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕಿಟಕಿಯ ಆಚೆ ಹಿಮ, ಈಚೆ ನನ್ನ ಮೇಯರ್ ನಿಂಬೆಗಿಡ. ಕುಂಡದಲ್ಲೇ ಸೊಂಟದೆತ್ತರ ಬೆಳೆದಿದೆ. ಜನವರಿಯ ಚಳಿಯಲ್ಲಿ ಅದು ಹೂ ಬಿಟ್ಟರೆ ಮನೆಯೆಲ್ಲ ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಿನ ವಾಸನೆ. ಆ ವಾಸನೆಗಾಗಿಯೇ ನಾನು ಈ ಗಿಡವನ್ನು ಇಷ್ಟು ಜೋಪಾನ ಮಾಡುತ್ತೇನೆ.

ಮೊದಲ ಚಳಿಗಾಲದಲ್ಲಿ ಒಂದು ದಿನ ಗಿಡದ ಕೆಳಗಿನ ನೆಲ ಕಾಲಿಗೆ ಅಂಟಿತು. ಎಲೆ ಮುಟ್ಟಿದರೆ ಅದೂ ಅಂಟು. ಎಲೆ ತಿರುಗಿಸಿದೆ. ನಡುನರದ ಉದ್ದಕ್ಕೂ ಕಂದು ಬಣ್ಣದ ಚಿಕ್ಕ ಚಿಕ್ಕ ಗುಬುಟುಗಳು. ತೊಗಟೆಯೇ ಹಾಗಿರಬೇಕು ಅಂದುಕೊಂಡಿದ್ದೆ. ಉಗುರಿನಿಂದ ಕೆರೆದರೆ ಕಳಚಿ ಬಂದವು. ಶಲ್ಕ ಕೀಟ! ಚಿಪ್ಪಿನಡಿ ಕೂತು ಗಿಡದ ರಸ ಹೀರಿ, ಸಿಹಿ ಅಂಟು ಸುರಿಸುವ ಹುಳು. ಗಿಡ ಅಂಗಡಿಯಿಂದ ಬರುವಾಗಲೇ ಅವೂ ಬಂದಿದ್ದವು.

ಊರಿಗೆ ಫೋನ್ ಮಾಡಿದೆ. "ಒಲೆ ಬೂದಿ ಚೆಲ್ಲು, ಹೋಗುತ್ತೆ" ಅಂದರು ಅಮ್ಮ. ಇಲ್ಲಿನ ಗೆಳೆಯರು ಬೇವಿನೆಣ್ಣೆ ಅಂದರು. ಅಂಗಡಿಯವರು ಮಣ್ಣಿಗೆ ಹಾಕುವ ಔಷಧಿ ತೋರಿಸಿದರು. ಮೂರನ್ನೂ ಯೋಚಿಸಿ ನೋಡಿದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ನಮ್ಮ ಹಿತ್ತಲಿನ ನಿಂಬೆಗಿಡಕ್ಕೆ ಯಾರೂ ಔಷಧಿ ಹೊಡೆದದ್ದು ನನಗೆ ನೆನಪಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಎಲೆ ತೊಳೆಯುತ್ತಿತ್ತು. ಹಕ್ಕಿಯ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳುಗಳನ್ನು ಚಗಳಿ ಇರುವೆಗಳು ಹೊತ್ತೊಯ್ಯುತ್ತಿದ್ದವು. ಗಿಡದ ಹೇನುಗಳನ್ನು ಗುಲಗಂಜಿ ಹುಳು ತಿನ್ನುತ್ತಿತ್ತು. ಹಾಗಂತ ಚಗಳಿ ಪೂರಾ ನಮ್ಮ ಪಕ್ಷವೂ ಅಲ್ಲ. ಮೈಗೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಹಿಟ್ಟು ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅದು ತಿಗಣೆಗೇ ಕಾವಲು ನಿಲ್ಲುತ್ತದೆ. ಕೆಲವು ಎಲೆ ಸುರುಟುತ್ತಿದ್ದವು, ಕೆಲವುಗಳ ಮೇಲೆ ರಂಗೋಲಿ ಹುಳು ಗೆರೆ ಎಳೆಯುತ್ತಿತ್ತು. ಆದರೂ ಉಪ್ಪಿನಕಾಯಿಗೆ ಕಾಯಿ ಕಡಿಮೆಯಾಗುತ್ತಿರಲಿಲ್ಲ.

ಅಮ್ಮ ಹೇಳುವ ಬೂದಿಗೂ ಅಲ್ಲಿ ಅರ್ಥವಿದೆ. ಮಲೆನಾಡಿನ ಮಣ್ಣು ಹುಳಿ. ಬೂದಿ ಅದನ್ನು ಸ್ವಲ್ಪ ಸರಿದೂಗಿಸುತ್ತದೆ, ಹೆಚ್ಚಾದದ್ದನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ. ಆದರೆ ಕುಂಡದಲ್ಲಿ ಬಿದ್ದ ಬೂದಿ ಅಲ್ಲೇ ಕೂರುತ್ತದೆ. ನಿಂಬೆಗೆ ಬೇಕಾದದ್ದು ಸ್ವಲ್ಪ ಹುಳಿ ಮಣ್ಣು. ಅದು ಹೋದರೆ ಕಬ್ಬಿಣದ ಅಂಶ ಬೇರಿಗೆ ಸಿಗದೆ ಎಲೆ ಹಳದಿಯಾಗುತ್ತದೆ. ಅಮ್ಮನ ಮಾತು ತಪ್ಪಲ್ಲ, ಅದು ಆ ನೆಲದ ಮಾತು.

ಬೇವಿನೆಣ್ಣೆಯ ಮೇಲೆ ನನಗೆ ಗೌರವವಿದೆ. ಆದರೆ ಎಣ್ಣೆ ಸುಮ್ನೆ ನೀರಿಗೆ ಬೆರೆಯುವುದಿಲ್ಲ, ಮೆದು ಸೋಪು ಬೇಕು. ಎಣ್ಣೆ ಹೊಡೆದ ಗಿಡ ಬಿಸಿಲಲ್ಲಿ ನಿಂತರೆ ಎಲೆ ಸುಡುತ್ತದೆ. ಇದು ಗೊತ್ತಿಲ್ಲದೆ ಬಿಸಿಲು ಬೀಳುವ ಕಿಟಕಿಯಲ್ಲೇ ಹೊಡೆದೆ, ಅರ್ಧ ಎಲೆ ಉದುರಿತು. ಆ ವಾರ ತುಂಬಾ ಬೇಜಾರಾಗಿತ್ತು.

ಮಣ್ಣಿಗೆ ಹಾಕುವ ಔಷಧಿಗಳಲ್ಲಿ ಹೆಚ್ಚಾಗಿ ಇರುವುದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ. ಬೇರಿನಿಂದ ಏರಿ ಗಿಡವೆಲ್ಲ ಸೇರುತ್ತದೆ, ಹೂವಿಗೂ. ಬೇಸಿಗೆಯಲ್ಲಿ ಗಿಡ ಹೊರಗಿಟ್ಟಾಗ ಆ ಹೂವಿಗೆ ಜೇನು ಬರುತ್ತವೆ. ಇನ್ನು ಕಾಯಿಯನ್ನು ನಾವು ಸಿಪ್ಪೆ ಸಮೇತ ಉಪ್ಪಿನಕಾಯಿ ಹಾಕುತ್ತೇವೆ. ಚಳಿಗಾಲದಲ್ಲಿ ಜಾಸ್ತಿ ಕಾಡುವ, ಎಲೆಯ ರಸ ಹೀರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೇಡ ನುಸಿಗೆ ಆ ಔಷಧಿ ನಾಟುವುದೂ ಇಲ್ಲ. ನಾನು ಅದನ್ನು ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲ.

ಹೀಟರ್ ಹಾಕಿದ ಮನೆಯ ಗಾಳಿ ಒಣ. ಆ ಬೆಚ್ಚಗಿನ ಒಣ ಗಾಳಿಯಲ್ಲಿ ಜೇಡ ನುಸಿ ವಾರ, ಎರಡು ವಾರಗಳಲ್ಲೇ ಮೊಟ್ಟೆಯಿಂದ ದೊಡ್ಡದಾಗುತ್ತದೆ. ಮಳೆಯಿಲ್ಲ, ತಿನ್ನುವ ಹುಳುವಿಲ್ಲ, ಗಾಳಿಯೂ ಬೀಸುವುದಿಲ್ಲ. ಇಲ್ಲಿ ಮಳೆ ನಾನೇ ಆಗಬೇಕು, ಅಲ್ವಾ? ಅದಕ್ಕೇ ಪ್ರತಿ ಭಾನುವಾರ ಕುಂಡವನ್ನು ಬಚ್ಚಲಿಗೆ ಒಯ್ಯುತ್ತೇನೆ. ಮಣ್ಣಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಗಿಡ ವಾಲಿಸಿ, ಉಗುರು ಬೆಚ್ಚಗಿನ ನೀರನ್ನು ಶವರ್‌ನಿಂದ ಎಲೆಯ ಅಡಿಗೆ ಬಿಡುತ್ತೇನೆ. ನುಸಿ ಮನೆ ಮಾಡುವುದು ಎಲೆಯ ಅಡಿಯಲ್ಲೇ. ಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಶಲ್ಕ ಕೀಟ ನೀರಿಗೆ ಹೋಗುವುದಿಲ್ಲ. ಹತ್ತಿಯನ್ನು 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಬೇಕು. ಮೊದಲು ಒಂದೇ ಎಲೆಯ ಮೇಲೆ ಹಚ್ಚಿ ಎರಡು ದಿನ ಕಾಯುವುದು ಒಳ್ಳೆಯದು. ಆಮೇಲೆ ಗಿಡಗಳಿಗೆಂದೇ ಮಾಡಿದ ಪೊಟ್ಯಾಸಿಯಂ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಅದು ಎಲೆಯ ಮೇಣ ತೆಗೆದುಬಿಡುತ್ತದೆ. ಚಿಪ್ಪಿನಡಿಯ ಮೊಟ್ಟೆಗಳಿಗೆ ಸೋಪು ತಾಗುವುದಿಲ್ಲ. ಅವು ಒಡೆದು ಮರಿಗಳು ಹರಿದಾಡುವಾಗ ಮತ್ತೆ ಹೊಡೆಯಬೇಕು. ಏಳರಿಂದ ಹತ್ತು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದ ಮೇಲೆ ನನ್ನ ಗಿಡ ಚೇತರಿಸಿಕೊಂಡಿತು.

ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಹುಳುವನ್ನು ಇಲ್ಲಿ ಅಂಚೆಯಲ್ಲಿ ತರಿಸಬಹುದು. ಅದು ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಭಾರತಕ್ಕೆ ತಂದರು. ಆ ಕೆಲಸ ಅದರಿಂದ ಆಗಲಿಲ್ಲ, ಆದರೆ ದಕ್ಷಿಣದಲ್ಲಿ ನೆಲೆಯೂರಿ ಹಿಟ್ಟು ತಿಗಣೆಯ ಶತ್ರುವಾಯಿತು. ಒಂದೇ ಕುಂಡ ಇರುವ ಮನೆಯಲ್ಲಿ ಅದಕ್ಕೆ ಹೊಟ್ಟೆ ತುಂಬುವಷ್ಟು ತಿಗಣೆ ಇರುವುದಿಲ್ಲ. ಅದಕ್ಕೇ ನಾನು ತರಿಸಲಿಲ್ಲ. ಗಿಡ ಬೆಳೆಸುವ ಗಾಜಿನ ಮನೆ ಇರುವವರು ಖಂಡಿತ ತರಿಸಿ ನೋಡಲಿ. ಒಂದೇ ಎಚ್ಚರ, ಅದರ ಮರಿಯೂ ಹಿಟ್ಟು ತಿಗಣೆಯಂತೆ ಬೆಳ್ಳಗೆ ಇರುತ್ತದೆ. ಒರೆಸಿ ಹಾಕಬೇಡಿ.

ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ನಿಂಬೆಯ ಪಕ್ಕ ಕರಿಬೇವು ಇರುತ್ತದೆ. ಎರಡೂ ಒಂದೇ ಕುಟುಂಬದ ಗಿಡಗಳು. ನಿಂಬೆ, ಕಿತ್ತಳೆಗಳಿಗೆ ಗ್ರೀನಿಂಗ್ ರೋಗ ಅಂಟಿಸುವ ಸಿಲಿಡ್ ಎಂಬ ಪುಟ್ಟ ಕೀಟಕ್ಕೆ ಕರಿಬೇವಿನ ಚಿಗುರೂ ಊಟ. ಫ್ಲಾರಿಡಾದಲ್ಲಿ ಈ ಕೀಟ 1998ರಲ್ಲಿ ಕಂಡಿತು, 2005ರಲ್ಲಿ ರೋಗ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಕೀಟ, 2012ರಲ್ಲಿ ರೋಗ. ಈ ರೋಗ ಬಂದ ಗಿಡ ಗುಣವಾಗುವುದಿಲ್ಲ. ಆ ಕಡೆಯಿಂದ ಈ ಗಿಡಗಳನ್ನು ಬೇರೆ ರಾಜ್ಯಕ್ಕೆ ಒಯ್ಯಲು ನಿರ್ಬಂಧ ಇರುವುದು ಇದಕ್ಕೇ. ಸ್ನೇಹಿತರ ಮನೆಯಿಂದ ಕರಿಬೇವಿನ ಸಸಿ ಕಾರಿನಲ್ಲಿ ತರುವುದು, ಊರಿಂದ ಬ್ಯಾಗಿನಲ್ಲಿ ಎಸಳು ತರುವುದು ನಮಗೆ ಸಣ್ಣ ವಿಷಯ. ತೋಟವನ್ನೇ ನಂಬಿದವರಿಗೆ ಅದು ಸಣ್ಣದಲ್ಲ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದನ್ನು ನೋಡಿದ ನಮಗೆ ಇದು ಬೇಗ ಅರ್ಥವಾಗಬೇಕು. ಇಲ್ಲಿನ ನರ್ಸರಿಯಿಂದ ಲೇಬಲ್ ಇರುವ ಸಸಿಯನ್ನೇ ಕೊಳ್ಳಿ.

ಮೇ ಕೊನೆಗೆ ಹಿಮದ ಭಯ ಹೋದ ಮೇಲೆ ಕುಂಡವನ್ನು ಹಿಂದಿನ ಅಂಗಳಕ್ಕೆ ತರುತ್ತೇನೆ. ಮೊದಲ ಒಂದು ವಾರ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ. ಗುಲಗಂಜಿ ಹುಳುಗಳು ತಾವಾಗಿಯೇ ಬರುತ್ತವೆ. ಜೂನ್‌ನಲ್ಲಿ ಜೋರು ಮಳೆ ಬಿದ್ದ ಭಾನುವಾರ ಬಚ್ಚಲಿನ ಕೆಲಸ ಇರುವುದಿಲ್ಲ. ಅಮ್ಮನಿಗೆ ಫೋನ್ ಮಾಡಿ, ಅಲ್ಲಿ ಮಳೆ ಹಿಡಿಯಿತೋ ಇಲ್ಲವೋ ಕೇಳುತ್ತೇನೆ.